ಸೆರಗಿನಲ್ಲಿ ಬೆಳೆದ ಜೋಳ

ಅಮೂರ್ತ ಕಲೆ ಎಂದರೆ ಪಟ್ಟಣದ ಗ್ಯಾಲರಿಗಳಿಗೆ ಸೇರಿದ್ದು, ಹಳ್ಳಿಯವರಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಬಹಳ ಜನರಲ್ಲಿದೆ. ಬಾಡಗಂಡಿಯ ಸುತ್ತಿನ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು ಉಡುವ ಇಳಕಲ್ ಸೀರೆಯ ಸೆರಗನ್ನು ಹರವಿ ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ.

ಕೆಂಪು ಸೆರಗಿನಲ್ಲಿ ಬಿಳಿ ಹಲ್ಲುಗಳಂತೆ ಎದ್ದು ನಿಂತ ಸಾಲಿಗೆ ತೋಪುತೆನೆ ಎನ್ನುತ್ತಾರೆ. ಅದು ಜೋಳದ ತೆನೆ. ಆದರೆ ಅದರಲ್ಲಿ ಕಾಳಿಲ್ಲ, ದಂಟಿಲ್ಲ, ಗರಿಯಿಲ್ಲ. ಉಳಿದಿರುವುದು ತೆನೆಯ ನಿಲುವು ಮತ್ತು ಹೊಲದಲ್ಲಿ ಒಂದರ ಪಕ್ಕದಲ್ಲಿ ಒಂದು ನಿಂತ ಸಾಲಿನ ಲಯ. ಹಣಿಗೆ, ಕೋಟೆಗೋಡೆ, ಬೆಟ್ಟದ ಸಾಲು ಕೂಡ ಇದೇ ರೀತಿ ಸೆರಗಿಗೆ ಇಳಿದಿವೆ. ಡಚ್ ಚಿತ್ರಕಾರ ಪೀಟ್ ಮಾಂಡ್ರಿಯಾನ್ 1911ರ ಸುಮಾರಿಗೆ ಮರವನ್ನು ಮತ್ತೆ ಮತ್ತೆ ಬರೆಯುತ್ತ, ಕೊನೆಗೆ ಬರೀ ಗೆರೆಗಳಿಗೆ ತಂದು ನಿಲ್ಲಿಸಿದ. ಇಲ್ಲಿನ ನೇಕಾರ ಜೋಳಕ್ಕೆ ಮಾಡಿದ್ದೂ ಅದನ್ನೇ.

ಇಬ್ಬರ ದಾರಿ ಮಾತ್ರ ಬೇರೆ. ಚಿತ್ರಕಾರನದು ಆಯ್ಕೆ, ನೇಕಾರನದು ಮಗ್ಗದ ನಿಯಮ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ, ಎರಡೂ ನೇರ. ದುಂಡನೆಯ ಕಾಳು ಎಳೆಗೆ ಸುಲಭವಾಗಿ ಒಗ್ಗದು. ಆದ್ದರಿಂದ ಆಕಾರ ಮೆಟ್ಟಿಲಾಗುತ್ತದೆ, ಲೆಕ್ಕವಾಗುತ್ತದೆ. ಲೆಕ್ಕ ಕೂಡಿಬಂದ ಮೇಲೆ ಅದು ಸಾಲಾಗಿ ಮರಳಿ ಮರಳಿ ಬರುತ್ತದೆ.

ಬಣ್ಣದ ಗುಟ್ಟು ಕೊಂಡಿಯಲ್ಲಿದೆ. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ನವಿಲು ಬಣ್ಣದ್ದಾಗಲಿ, ಗಿಳಿಹಸಿರಾಗಲಿ, ಸೆರಗಿನ ಕೆಂಪು ಕದಡದೆ ನಿಲ್ಲುವುದು ಇದರಿಂದ. ಬಣ್ಣಗಳ ಹೆಸರುಗಳೂ ಹಕ್ಕಿಯಿಂದ, ಹಣ್ಣಿನಿಂದ ಬಂದಂಥವೇ.

ಇಂದು ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯಲ್ಲೂ ತೋಪುತೆನೆಯ ನಕಲು ಸಿಗುತ್ತದೆ. ಕೊಳ್ಳುವವರ ಕಣ್ಣಿಗೆ ಎರಡೂ ಒಂದೇ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ ನಿಜ; ಅದು ಕಾಯುವುದು ಊರಿನ ಹೆಸರನ್ನು. ಕ್ಯಾನ್ವಾಸಿನ ಮೂಲೆಯಲ್ಲಿ ಚಿತ್ರಕಾರನ ಸಹಿ ಇರುತ್ತದೆ, ಸೆರಗಿನಲ್ಲಿ ನೇಯ್ದವರ ಹೆಸರಿಲ್ಲ. ಕಲಾವಿದನೆಂಬ ಗೌರವವೂ ಇಲ್ಲ, ಆ ಶ್ರಮಕ್ಕೆ ತಕ್ಕ ಕೂಲಿಯೂ ಇಲ್ಲ ಎಂದಾದರೆ ಮಕ್ಕಳು ಮಗ್ಗದ ಕುಣಿಗೆ ಇಳಿಯುವುದಾದರೂ ಏಕೆ?

ವಿನ್ಯಾಸ ಅಚ್ಚಿನಲ್ಲಿಯೂ ಉಳಿದೀತು. ಕೊಂಡಿ ಹಾಕುವ ಬೆರಳಿನ ಅರಿವು ಹಾಗೆ ಉಳಿಯದು. ಸೀರೆ ಕೊಳ್ಳುವಾಗ ಒಡಲೂ ಸೆರಗೂ ಕೂಡುವ ಜಾಗವನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ನೇಕಾರನ ಸಹಿ ಇರುವುದು ಅಲ್ಲಿ.