ಪಾರ್ಶ್ವವಾಯು: ಹೆಸರು ಮತ್ತು ಹೊತ್ತು

ರೋಗಗಳಿಗೆ ನಾವು ಇಟ್ಟಿರುವ ಹೆಸರುಗಳು ಬರಿಯ ಗುರುತುಗಳಲ್ಲ. ಆಯಾ ಕಾಲಕ್ಕೆ ನಮಗಿದ್ದ ತಿಳಿವಳಿಕೆಯ ದಾಖಲೆಗಳೂ ಹೌದು. ಕನ್ನಡ ಪಾಠ ಹೇಳುತ್ತ ಬಾಳಿನ ಬಹುಭಾಗವನ್ನು ಕಳೆದವನಾದ್ದರಿಂದ ಇಂದಿನ ವಿಷಯವನ್ನು ಹೆಸರಿನಿಂದಲೇ ಆರಂಭಿಸುತ್ತೇನೆ.

ಪಾರ್ಶ್ವವೆಂದರೆ ಪಕ್ಕ, ಪಕ್ಕಕ್ಕೆ ಬಡಿದ ವಾಯು ಪಾರ್ಶ್ವವಾಯು. ಆಯುರ್ವೇದದ ಪಕ್ಷಾಘಾತವೆಂಬ ಮಾತಿಗೂ ದೇಹದ ಒಂದು ಪಕ್ಕಕ್ಕೆ ಬಿದ್ದ ಪೆಟ್ಟೆಂದೇ ಅರ್ಥ. ನಮ್ಮ ಆಡುಮಾತಿನ ಲಕ್ವ ಅರಬ್ಬಿ ಮೂಲದ್ದು. ಅಲ್ಲಿ ಅದು ಮುಖ ಸೊಟ್ಟಗಾಗುವುದನ್ನು ಸೂಚಿಸುತ್ತದೆ. ಇಂಗ್ಲಿಷಿನ ಸ್ಟ್ರೋಕ್ ಎಂಬುದೂ ಪೆಟ್ಟೇ. ಈ ಹೆಸರುಗಳೆಲ್ಲ ಕಣ್ಣಿಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಹೇಳಿವೆ. ಆದರೆ ಕೆಟ್ಟದ್ದು ಎಲ್ಲಿ ಎಂಬುದನ್ನು ಹೇಳಿಲ್ಲ. ಕೈ ಕೆಟ್ಟಿಲ್ಲ, ಕಾಲು ಕೆಟ್ಟಿಲ್ಲ. ಅವುಗಳನ್ನು ಆಡಿಸುವ ಮಿದುಳಿಗೆ ಕೇಡು ತಟ್ಟಿದೆ. ಹೆಸರು ಕೈಕಾಲುಗಳನ್ನು ತೋರಿಸಿದ್ದರಿಂದ ನಮ್ಮ ಉಪಚಾರವೂ ಕೈಕಾಲುಗಳಿಗೇ ಹೋಯಿತು. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಸವರುವುದು, ಬೆಳಗಾಗಲಿ ನೋಡೋಣ ಎನ್ನುವುದು—ಇವುಗಳಲ್ಲಿ ಕಳೆದುಹೋಗುವ ಹೊತ್ತು ಮತ್ತೆ ಬಾರದು.

೧೬೫೮ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್‌ಫರ್ ಎಂಬಾತನು, ಹಠಾತ್ತನೆ ಹೀಗೆ ಬಿದ್ದು ಸತ್ತವರ ಶವಪರೀಕ್ಷೆ ನಡೆಸಿ, ಅವರ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದುದನ್ನು ವಿವರಿಸಿದನು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹಕ್ಕೆ ಬರುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಇಂಥ ಅಂಗವು ರಕ್ತವಿಲ್ಲದೆ ಕೆಲವು ನಿಮಿಷಗಳನ್ನೂ ಸೈರಿಸಲಾರದು.

ಈ ಆಘಾತದಲ್ಲಿ ಮುಖ್ಯವಾಗಿ ಎರಡು ಬಗೆ. ನಾಲೆ ಕಟ್ಟಿಕೊಂಡರೆ ಮುಂದಿನ ಗದ್ದೆ ಒಣಗುತ್ತದೆ. ನಾಲೆಯ ಏರಿ ಒಡೆದರೆ ಗದ್ದೆ ಮುಳುಗುತ್ತದೆ. ಹಾಗೆಯೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು ಒಂದು ಬಗೆ, ನಾಳ ಒಡೆದು ಮಿದುಳಿನಲ್ಲಿ ರಕ್ತ ಹರಡುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಆ ಹೆಪ್ಪು ಮಿದುಳಿನ ನಾಳದಲ್ಲೇ ಹುಟ್ಟಿರಬಹುದು. ಕುತ್ತಿಗೆಯ ನಾಳದಿಂದಲೋ ಲಯ ತಪ್ಪಿದ ಹೃದಯದಿಂದಲೋ ತೇಲಿ ಬಂದಿರಲೂಬಹುದು.

ಕಾರಣಗಳಲ್ಲಿ ಮೊದಲ ಸ್ಥಾನ ರಕ್ತದೊತ್ತಡದ್ದು. ಅದು ನೋಯುವುದಿಲ್ಲ, ಜ್ವರ ತರುವುದಿಲ್ಲ. ಆದ್ದರಿಂದಲೇ ಸದ್ದಿಲ್ಲದೆ ವರ್ಷಗಟ್ಟಲೆ ನಾಳಗಳನ್ನು ಕೆಡಿಸುತ್ತದೆ. ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಮಾತ್ರೆ ನಿಲ್ಲಿಸುವವರು ನಮ್ಮ ನಡುವೆ ಎಷ್ಟೋ ಮಂದಿ. ಚೆನ್ನಾಗಿರುವುದು ಮಾತ್ರೆಯಿಂದಲೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಹೊಗೆಸೊಪ್ಪು, ಅತಿಯಾದ ಮದ್ಯಪಾನ, ರಕ್ತದಲ್ಲಿನ ಕೊಬ್ಬು, ಮೈದಣಿಯದ ಬಾಳು—ಇವು ಉಳಿದ ಕಾರಣಗಳು. ಉಪ್ಪಿನಕಾಯಿ ಹಪ್ಪಳಗಳ ಮೇಲಿನ ನಮ್ಮ ಪ್ರೀತಿಯನ್ನೂ ಇಲ್ಲಿ ಸಂಕೋಚದಿಂದ ನೆನೆಯಬೇಕು.

ಗುರುತಿಸುವುದು ಹೇಗೆ? ನಗಲು ಹೇಳಿದರೆ ತುಟಿ ಒಂದು ಕಡೆಗೆ ಎಳೆಯುತ್ತದೆ. ಎರಡೂ ಕೈ ಎತ್ತಿದರೆ ಒಂದು ಜೋತುಬೀಳುತ್ತದೆ. ಆಡಿದ ಮಾತು ತೊದಲುತ್ತದೆ, ಇಲ್ಲವೆ ಅರ್ಥ ತಪ್ಪುತ್ತದೆ. ಇವುಗಳಲ್ಲಿ ಒಂದು ಹಠಾತ್ತನೆ ಕಂಡರೂ ಸಾಕು. ಒಂದು ಕಣ್ಣಿನ ನೋಟ ಕಳೆಯುವುದು, ಹಿಂದೆಂದೂ ಇಲ್ಲದಂಥ ತಲೆನೋವು ಬರುವುದು, ನಡಿಗೆಯ ಆಯ ತಪ್ಪುವುದು ಕೂಡ ಸೂಚನೆಗಳೇ. ಕೆಲವೊಮ್ಮೆ ಇವು ಹತ್ತಿಪ್ಪತ್ತು ನಿಮಿಷಗಳಲ್ಲಿ ತಾವಾಗಿ ಮಾಯವಾಗುತ್ತವೆ. ಮನೆಯವರು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ಅದು ಕ್ಷೇಮದ ಸುದ್ದಿಯಲ್ಲ. ದೊಡ್ಡ ಆಘಾತಕ್ಕೆ ಮುಂಚಿನ ಎಚ್ಚರಿಕೆ. ಅಂದೇ ಆಸ್ಪತ್ರೆಗೆ ಹೋಗಬೇಕು.

ಮುಚ್ಚಿದ ನಾಳವೋ ಒಡೆದ ನಾಳವೋ ಎಂಬುದನ್ನು ಎಷ್ಟೇ ನುರಿತ ವೈದ್ಯನೂ ಹೊರನೋಟದಿಂದ ಖಚಿತವಾಗಿ ಹೇಳಲಾರ. ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರವು ಮೊದಲ ಬಾರಿಗೆ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ೧೯೭೯ರಲ್ಲಿ ಆತನಿಗೂ ಅಲನ್ ಕಾರ್ಮಾಕ್‌ಗೂ ನೊಬೆಲ್ ಪುರಸ್ಕಾರ ಸಂದಿತು. ಆ ಚಿತ್ರವನ್ನು ನೋಡಿದ ಮೇಲೆಯೇ ಮದ್ದು; ಏಕೆಂದರೆ ಒಂದು ಬಗೆಗೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಅದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು. ನುಂಗುವ ಶಕ್ತಿ ಕುಂದಿರುವಾಗ ನೀರು, ಕಾಫಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದೀತು.

ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿನ ಪ್ರಯೋಜನವು ೧೯೯೫ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಆಗ ಅದಕ್ಕೆ ಮೂರು ಗಂಟೆಗಳ ಗಡುವು. ೨೦೦೮ರ ಪ್ರಯೋಗದ ಬಳಿಕ ನಾಲ್ಕೂವರೆ ಗಂಟೆಗಳು. ನಮ್ಮ ಹಳೆಯ ಲೆಕ್ಕದಲ್ಲಿ ಇದು ಹನ್ನೊಂದು ಗಳಿಗೆ, ಮೇಲೆ ತುಸು. ೨೦೧೫ರಿಂದೀಚೆಗೆ, ತೊಡೆಸಂದಿನ ನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ದೊಡ್ಡ ಹೆಪ್ಪನ್ನೇ ಹೊರಗೆಳೆಯುವ ವಿಧಾನವೂ ನೆಲೆಯೂರಿದೆ. ಆಯ್ದ ಕೆಲವು ರೋಗಿಗಳಲ್ಲಿ ಇದನ್ನು ೨೪ ಗಂಟೆಗಳವರೆಗೂ ಮಾಡಬಹುದು. ಹಾಗೆಂದು ಸಾವಕಾಶ ಮಾಡುವಂತಿಲ್ಲ. ೨೦೦೬ರಲ್ಲಿ ಪ್ರಕಟವಾದ ಲೆಕ್ಕವೊಂದರಂತೆ, ದೊಡ್ಡ ನಾಳ ಮುಚ್ಚಿದಾಗ ನಿಮಿಷವೊಂದಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ಅಳಿಯುತ್ತವೆ. ಗಡುವನ್ನು ಎಣಿಸುವುದು ರೋಗಿಯನ್ನು ಚೆನ್ನಾಗಿದ್ದಂತೆ ಕಡೆಯ ಬಾರಿ ಕಂಡ ಹೊತ್ತಿನಿಂದ. ಆದ್ದರಿಂದ ಆ ಹೊತ್ತನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು. ೧೦೮ಕ್ಕೆ ಕರೆಮಾಡಿ, ಸಿ.ಟಿ. ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಹೋಗುವುದು ಲೇಸು. ರಕ್ತಸ್ರಾವದ ಬಗೆಯಲ್ಲಿ ಒತ್ತಡವನ್ನು ಇಳಿಸುವುದು ಮುಖ್ಯ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಬದುಕುಳಿದವರ ವಿಷಯವಾಗಿ ಒಂದು ಮಾತು ಹೇಳದಿದ್ದರೆ ಈ ಭಾಷಣ ಅಪೂರ್ಣವಾದೀತು. ೧೮೬೧ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾನ ಬಳಿಗೆ ಬಂದ ರೋಗಿಯೊಬ್ಬ ‘ಟಾನ್’ ಎಂಬ ಒಂದು ಉಲಿಯನ್ನಷ್ಟೇ ಉಚ್ಚರಿಸಬಲ್ಲವನಾಗಿದ್ದ. ಆದರೆ ಇತರರ ಮಾತು ಅವನಿಗೆ ತಿಳಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ನೋಡಿದಾಗ ಮಿದುಳಿನ ಎಡಪಕ್ಕದ ಮುಂಭಾಗ ಹಾಳಾಗಿತ್ತು. ಬಹುಮಂದಿಯಲ್ಲಿ ನುಡಿಯ ನೆಲೆ ಎಡ ಮಿದುಳು. ಬಲಗೈ ಬಲಗಾಲುಗಳನ್ನು ಆಳುವುದೂ ಅದೇ. ಬಲಭಾಗ ಬಿದ್ದವರ ಮಾತೂ ಹೋಗುವುದು ಇದರಿಂದ. ನಾನು ಬಲ್ಲ ಹಿರಿಯ ಅಧ್ಯಾಪಕರೊಬ್ಬರಿಗೆ ಮುಂದಿದ್ದ ಲೋಟದ ಹೆಸರು ಬಾರದು. ಆದರೆ ಬಾಲ್ಯದಲ್ಲಿ ಕಲಿತ ದೇವರನಾಮವನ್ನು ರಾಗ ಹಿಡಿದು ಹಾಡಬಲ್ಲರು. ಇಂಥದು ವೈದ್ಯರು ಮತ್ತೆ ಮತ್ತೆ ಕಂಡಿರುವ ಸಂಗತಿ. ಆ ಹಾಡಿನ ದಾರಿಯಿಂದಲೇ ಮಾತನ್ನು ಮರಳಿ ಕರೆತರುವ ಯತ್ನಗಳೂ ಉಂಟು. ಮೈಸೂರಿನಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥವರಿಗೆ ಮಾತಿನ ಚಿಕಿತ್ಸೆ ದೊರೆಯುತ್ತದೆ. ಕೈಕಾಲಿನ ವ್ಯಾಯಾಮದಂತೆ ಇದೂ ಬೇಗ ತೊಡಗಬೇಕು, ಬಹುಕಾಲ ನಡೆಯಬೇಕು.

ಮಾತು ಹೋದವರಿಗೆ ಬುದ್ಧಿಯೂ ಹೋಯಿತೆಂದು ಭಾವಿಸಿ, ಅವರ ಹಾಸಿಗೆಯ ಬಳಿಯೇ ಖರ್ಚಿನ ಲೆಕ್ಕವನ್ನೂ ಆಸ್ತಿಯ ಮಾತನ್ನೂ ಆಡುವವರಿದ್ದಾರೆ. ಉತ್ತರ ಕೊಡಲಾರದವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಅವರೊಡನೆ ಮೆಲ್ಲನೆ, ಸಣ್ಣ ವಾಕ್ಯಗಳಲ್ಲಿ, ಮೊದಲಿನ ಗೌರವದಿಂದಲೇ ಮಾತನಾಡಬೇಕು; ಮರುಮಾತಿಗೆ ಕಾಯಬೇಕು. ಆಸ್ಪತ್ರೆಯ ಬಾಗಿಲು ತಲುಪುವವರೆಗೆ ನಮಗೆ ಬೇಕಾದದ್ದು ಅವಸರ. ಅಲ್ಲಿಂದ ಮನೆಗೆ ಮರಳಿದ ಮೇಲೆ ಬೇಕಾದದ್ದು ತಾಳ್ಮೆ.