ಬೀಗ ಒಂದೇ ಸಾಲದು



ಸೇಲಂ, ಧರ್ಮಪುರಿ ಕಡೆಯ ನಮಗೆ ಮೆಟ್ಟೂರು ಅಣೆಕಟ್ಟು ಹೊಸದಲ್ಲ. 1934ರಲ್ಲಿ ಮುಗಿದ ಆ ಅಣೆಯ ನೀರಿನ ಮಟ್ಟವನ್ನು ದಿನವೂ ಬರೆದಿಡುತ್ತಾರೆ. ಬಂದ ನೀರಿಗೂ ಬಿಟ್ಟ ನೀರಿಗೂ ಲೆಕ್ಕ ಕೂಡದಿದ್ದರೆ ಕಾರಣ ಹುಡುಕುತ್ತಾರೆ.

ಕಾರ್ಖಾನೆ, ವಿದ್ಯುತ್ ಕೇಂದ್ರಗಳ ಕಂಪ್ಯೂಟರುಗಳಲ್ಲೂ ಇಂಥ ದಾಖಲೆಯುಂಟು. ಯಾರು ಯಾವಾಗ ಒಳಬಂದರು, ಯಾವ ಮಾಹಿತಿ ಹೊರಗೆ ಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಲಾಗ್ ಎನ್ನುತ್ತಾರೆ. ಲಕ್ಷಗಟ್ಟಲೆ ಸಾಲುಗಳನ್ನು ಮನುಷ್ಯರು ಓದಿ ಮುಗಿಸಲಾರರು. ವಿಶ್ಲೇಷಣೆಯ ಸಾಧನಗಳು ಓದಿ, ರೂಢಿಗೆ ಹೊರತಾದುದನ್ನು ಎತ್ತಿ ತೋರಿಸುತ್ತವೆ. ಅದು ಕಳ್ಳತನವೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ಮನುಷ್ಯರೇ.

ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಕೇಂದ್ರದ ಸಂಗತಿ ಕೇಳಿ. 2019ರ ಸೆಪ್ಟೆಂಬರ್ 4ರಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಅಲ್ಲಿ ಕಳ್ಳ ತಂತ್ರಾಂಶವನ್ನು ಗಮನಿಸಿತು. ಅದು ಸೇರಿದ್ದು ಇಂಟರ್‌ನೆಟ್ ಸಂಪರ್ಕವಿದ್ದ ಆಡಳಿತ ವಿಭಾಗದ ಕಂಪ್ಯೂಟರಿಗೆ. ಸ್ಥಾವರ ನಡೆಸುವ ಜಾಲ ಬೇರೆಯೇ ಇದ್ದುದರಿಂದ ಅದಕ್ಕೆ ತೊಂದರೆಯಾಗಲಿಲ್ಲವೆಂದು ಅಣುವಿದ್ಯುತ್ ನಿಗಮ ತಿಳಿಸಿತು. ಕಣಜವನ್ನೂ ಜಗಲಿಯನ್ನೂ ಬೇರೆಯಿಡುವ ಜಾಣತನವಿದು.

2022ರಲ್ಲಿ ಸರ್ಟ್-ಇನ್ ಹೊರಡಿಸಿದ ಆದೇಶದಂತೆ, ಇಂಥ ದಾಳಿ ತಿಳಿದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ಲಾಗುಗಳನ್ನು 180 ದಿನ ಕಾಪಾಡಬೇಕು.

ಹೊಸೂರು, ಸೇಲಂ ಕಡೆ ಕೆಲಸಕ್ಕೆ ಹೋಗುವ ನಿಮ್ಮ ಮಕ್ಕಳಿಗೆ ಇಷ್ಟು ಹೇಳಿ: ಎಲ್ಲೋ ಸಿಕ್ಕಿದ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಬೇಡಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಅನುಮಾನ ಬಂದರೆ ಕೂಡಲೇ ಮೇಲಿನವರಿಗೆ ತಿಳಿಸಿ. ತಿಳಿಸಿದವರನ್ನು ಗದರಿಸದಿರುವುದು ಮೇಲಿನವರ ಹೊಣೆ. ಮನೆಯೊಳಗೆ ಹಾವು ಕಂಡವನು ಬಾಯಿ ಮುಚ್ಚಿಕೊಂಡರೆ ಅಪಾಯ ಮನೆಯವರಿಗೆಲ್ಲ.