ಧ್ರುವಪ್ರಭೆ ನೋಡಲು ಹೊರಡುವ ಮುನ್ನ



ಚಳಿಗಾಲ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಒಂದು ಬಗೆಯ ಜಾಹೀರಾತು ಕಾಣಿಸಿಕೊಳ್ಳುತ್ತದೆ. ಕಪ್ಪು ಆಕಾಶ, ಅದರ ತುಂಬ ಹಸಿರು ಪರದೆ, ಕೆಳಗೆ ಹಿಮದ ಬೆಟ್ಟ. 'ನಾರ್ವೆ, ಫಿನ್‌ಲೆಂಡ್, ಐಸ್‌ಲೆಂಡ್: ಮಾರ್ಗದರ್ಶಕರೊಡನೆ ಉತ್ತರದ ಬೆಳಕಿನ ಪ್ರವಾಸ.' ಖರ್ಚು ಲಕ್ಷಗಳಲ್ಲಿ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿ ಪುಟ ತಿರುವಿರುತ್ತೀರಿ. ಇಂದು ಆ ಪುಟವನ್ನು ಮತ್ತೆ ಹಿಂದಕ್ಕೆ ತಿರುವಿ ನೋಡೋಣ. ಆ ಪ್ರವಾಸದಲ್ಲಿ ನಿಜವಾಗಿ ಏನು ಕಾಣುತ್ತದೆ, ಏಕೆ ಕಾಣುತ್ತದೆ, ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ನಮಗೂ ಆ ಬೆಳಕಿಗೂ ಏನು ಸಂಬಂಧ ಎಂಬುದನ್ನು ವಿಚಾರಿಸೋಣ. ಸಂಬಂಧ ನೀವು ಎಣಿಸಿದ್ದಕ್ಕಿಂತ ಹತ್ತಿರದ್ದು.

ಮೊದಲು ಒಂದು ಹಳೆಯ ಟಿ.ವಿ. ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಈಗಿನ ಚಪ್ಪಟೆ ಪರದೆಯದಲ್ಲ. ನಿಮ್ಮ ತಾತನ ಮನೆಯಲ್ಲಿದ್ದ, ಹಿಂದೆ ಉದ್ದಕ್ಕೆ ಚಾಚಿಕೊಂಡಿದ್ದ, ಇಬ್ಬರು ಸೇರಿ ಎತ್ತಬೇಕಿದ್ದ ಪೆಟ್ಟಿಗೆ. ಅದರ ಚಿತ್ರನಳಿಕೆಯ ಹಿಂಬದಿಯಿಂದ ಎಲೆಕ್ಟ್ರಾನುಗಳು ಹೊರಡುತ್ತಿದ್ದವು. ಬಣ್ಣದ ಟಿ.ವಿ.ಯಲ್ಲಿ ಸುಮಾರು 25 ಸಾವಿರ ವೋಲ್ಟ್ ಅವನ್ನು ಮುಂದಕ್ಕೆ ಎಳೆಯುತ್ತಿತ್ತು. ಸುತ್ತಲಿನ ತಂತಿಸುರುಳಿಗಳ ಕಾಂತಬಲ ಅವನ್ನು ಬೇಕಾದ ಕಡೆಗೆ ಬಾಗಿಸುತ್ತಿತ್ತು. ಪರದೆಗೆ ಬಡಿದ ಕಡೆ ಅಲ್ಲಿ ಬಳಿದಿದ್ದ ವಸ್ತು ಬೆಳಗುತ್ತಿತ್ತು. ನಮ್ಮ ವೃತ್ತಿಯ ಅನ್ನ ಬಹುಕಾಲ ಬೆಂದದ್ದು ಆ ಬೆಳಕಿನಲ್ಲಿ!

ಧ್ರುವಪ್ರಭೆಯೂ ಇಂಥದೇ ಒಂದು ಚಿತ್ರನಳಿಕೆ. ಇಲ್ಲಿ ಎಲೆಕ್ಟ್ರಾನುಗಳಿಗೆ ಸಿಗುವ ವೇಗ ಸಾಮಾನ್ಯವಾಗಿ ಒಂದು ಸಾವಿರದಿಂದ ಹತ್ತು ಸಾವಿರ ವೋಲ್ಟಿನ ಸಮ, ಹಳೆಯ ಟಿ.ವಿ.ಗಿಂತ ಕಡಿಮೆಯೇ. ಅವನ್ನು ಬಾಗಿಸಿ ನಡೆಸುವುದು ಭೂಮಿಯ ಕಾಂತಕ್ಷೇತ್ರ. ಪರದೆ ಎಂದರೆ ನಮ್ಮ ತಲೆಯ ಮೇಲೆ ನೂರು ಕಿಲೋಮೀಟರಿಗೂ ಎತ್ತರದ ತೆಳುವಾದ ಗಾಳಿ. ಆ ಗಾಳಿಯ ಆಮ್ಲಜನಕ, ಸಾರಜನಕಗಳಿಗೆ ಎಲೆಕ್ಟ್ರಾನು ಬಡಿದಾಗ ಅವು ಚೈತನ್ಯ ಪಡೆಯುತ್ತವೆ. ಪಡೆದದ್ದನ್ನು ಬೆಳಕಾಗಿ ಹಿಂದಿರುಗಿಸುತ್ತವೆ. ಮನೆಯಲ್ಲೇ ಇದರ ಸಣ್ಣ ರೂಪ ಬೇಕೆನಿಸಿದರೆ ಎಲೆಕ್ಟ್ರಿಷಿಯನ್ ಬಳಿಯ ಟೆಸ್ಟರ್ ನೋಡಿ. ಅದರೊಳಗಿನ ಕಿತ್ತಳೆ ಬಣ್ಣದ ಮಿಣುಕು ನಿಯಾನ್ ಅನಿಲದ್ದು. ಅನಿಲ ಬೇರೆ, ತತ್ವ ಒಂದೇ.

ಹಾಗಾದರೆ ಬಣ್ಣ ಏಕೆ ಹಲವು? ಇದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವ ಭಾಗ. ಆಮ್ಲಜನಕದ ಪರಮಾಣು ಹಸಿರು ಬೆಳಕನ್ನು ಕೊಡಲು ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಕೆಂಪು ಬೆಳಕನ್ನು ಕೊಡಲು ಅದಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಬೇಕು. ಪರಮಾಣುಗಳ ಲೋಕದಲ್ಲಿ ಎರಡು ನಿಮಿಷ ಎಂದರೆ ಯುಗ. ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಕೆ.ಆರ್. ಮಾರುಕಟ್ಟೆಯ ಜನಜಂಗುಳಿಯಲ್ಲಿ ಎರಡು ನಿಮಿಷ ನಡೆಯಿರಿ ನೋಡೋಣ; ಯಾರಾದರೂ ಡಿಕ್ಕಿ ಹೊಡೆದು ನೀರು ಚೆಲ್ಲಿಯೇ ಚೆಲ್ಲುತ್ತದೆ. ಬೆಳಗಿನ ಜಾವದ ಖಾಲಿ ಮೈದಾನದಲ್ಲಾದರೆ ಚೆಲ್ಲದೆ ದಾಟಬಹುದು. ಸುಮಾರು 200 ಕಿ.ಮೀ.ಗಿಂತ ಮೇಲಿನ ಗಾಳಿ ಆ ಖಾಲಿ ಮೈದಾನ. ಆದ್ದರಿಂದ ಕೆಂಪು ಅಲ್ಲಿ ಮೇಲೆ. ಅದಕ್ಕಿಂತ ಕೆಳಗೆ, 100ರಿಂದ 150 ಕಿ.ಮೀ. ಆಸುಪಾಸಿನಲ್ಲಿ, ಡಿಕ್ಕಿಗಳು ಹೆಚ್ಚು. ಬೇಗ ಹೊರಬರುವ ಹಸಿರು ಮಾತ್ರ ಉಳಿದುಕೊಳ್ಳುತ್ತದೆ. ಪರದೆಯ ಕೆಳ ಅಂಚಿನಲ್ಲಿ ಒಮ್ಮೊಮ್ಮೆ ಕಾಣುವ ನಸುಗೆಂಪು-ನೇರಳೆ ಸಾರಜನಕದ್ದು.

ಇನ್ನು ಎಲೆಕ್ಟ್ರಾನುಗಳ ಮೂಲಕ್ಕೆ ಬರೋಣ. ಸೂರ್ಯನಿಂದ ಹೊರಟ ಕಣಗಳು ನೇರವಾಗಿ ಬಂದು ಧ್ರುವಗಳ ಮೇಲೆ ಸುರಿಯುತ್ತವೆ ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಅದು ಅರ್ಧ ಸತ್ಯ. ಸೂರ್ಯನಿಂದ ಸದಾ ಬೀಸುವ ಸೌರಮಾರುತ ಸೆಕೆಂಡಿಗೆ 300ರಿಂದ 800 ಕಿ.ಮೀ. ವೇಗದಲ್ಲಿ ಬಂದು ಭೂಮಿಯ ಕಾಂತಕ್ಷೇತ್ರವನ್ನು ಒತ್ತುತ್ತದೆ. ರಾತ್ರಿಯ ಬದಿಯಲ್ಲಿ ಅದನ್ನು ಉದ್ದನೆಯ ಬಾಲದಂತೆ ಎಳೆಯುತ್ತದೆ. ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕು ದಕ್ಷಿಣಕ್ಕಿದ್ದರೆ ಅದು ಭೂಮಿಯ ಕ್ಷೇತ್ರದೊಡನೆ ಕೂಡಿಕೊಂಡು ಶಕ್ತಿ ಒಳಗೆ ತುಂಬತೊಡಗುತ್ತದೆ. ಬಾಲ ಕವಣೆಯ ರಬ್ಬರಿನಂತೆ ಹಿಗ್ಗಿ, ಒಂದು ಹಂತದಲ್ಲಿ ಕಡಿದು ಹಿಂದಕ್ಕೆ ಚಿಮ್ಮುತ್ತದೆ. ಆಗ ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ಬರುತ್ತವೆ. ಅವು ಇಳಿಯುವುದು ಧ್ರುವಬಿಂದುವಿನ ಮೇಲಲ್ಲ, ಅದನ್ನು ಸುತ್ತುವರಿದ ಒಂದು ಬಳೆಯ ಮೇಲೆ. ಉತ್ತರಕ್ಕೆ ಹೋದಷ್ಟೂ ಬೆಳಕು ಹೆಚ್ಚು ಎಂಬ ಎಣಿಕೆ ಆದ್ದರಿಂದ ಸರಿಯಲ್ಲ. ನಾರ್ವೆಯ ಟ್ರೋಮ್ಸೊ ಪಟ್ಟಣ 69 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ ಆ ಬಳೆಯ ಕೆಳಗೇ ಇದೆ. ಪ್ರವಾಸಿಗಳು ಅಲ್ಲಿಗೆ ಮುತ್ತುವುದು ಅದಕ್ಕಾಗಿಯೇ.

ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಬೀದಿಯ ಹಿರಿಯ ದಂಪತಿ 2024ರ ಫೆಬ್ರವರಿಯಲ್ಲಿ ಆ ಟ್ರೋಮ್ಸೊಗೆ ಹೋಗಿ ಬಂದರು. ಅವರ ಮಗ ಓಸ್ಲೋದಲ್ಲಿ ಕೆಲಸದಲ್ಲಿದ್ದಾನೆ. ಮೂರು ರಾತ್ರಿಗಳ ಪ್ರವಾಸ. ಮೊದಲ ಎರಡು ರಾತ್ರಿ ಬರೀ ಮೋಡ. ಮೂರನೆಯ ರಾತ್ರಿ ಮಾರ್ಗದರ್ಶಕ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಸಮುದ್ರ ತೀರ ಬಿಟ್ಟು ಒಳನಾಡಿಗೆ, ಫಿನ್‌ಲೆಂಡಿನ ಗಡಿಯ ಕಡೆಗೆ, ಎರಡು ಗಂಟೆಗೂ ಮಿಕ್ಕಿ ಓಡಿಸಿದ. ತೀರದ ಮೋಡ ಬೆಟ್ಟದಾಚೆ ತಿಳಿಯಾಗಿರುತ್ತದೆ ಎಂಬುದು ಅವನ ಲೆಕ್ಕ. ನಡುರಾತ್ರಿಯ ಹೊತ್ತಿಗೆ ಬಡಗಣ ದಿಕ್ಕಿನಲ್ಲಿ ಬಿಳುಚಿಕೊಂಡ ಒಂದು ಪಟ್ಟೆ ಕಾಣಿಸಿತು.

"ರೀ, ಇದೇನಾ? ಒಲೆ ಹೊಗೆ ಥರ ಇದೆಯಲ್ರೀ" ಎಂದರಂತೆ ಆಕೆ.

"ಸುಮ್ನಿರೇ, ಅವನಿಗೆ ಬೇಜಾರಾಗತ್ತೆ" ಎಂದರಂತೆ ಯಜಮಾನರು, ಮಾರ್ಗದರ್ಶಕನಿಗೆ ಕನ್ನಡ ಬರುತ್ತದೇನೋ ಎಂಬಂತೆ.

ಮಾರ್ಗದರ್ಶಕ ತನ್ನ ಕ್ಯಾಮೆರಾದ ಹಿಂಬದಿಯನ್ನು ತೋರಿಸಿದ. ಅದರಲ್ಲಿ ಅದೇ ಪಟ್ಟೆ ಗಿಳಿಹಸಿರು! ಅರ್ಧ ಗಂಟೆಯ ಬಳಿಕ ಬೆಳಕು ಜೋರಾಗಿ, ಬರಿಗಣ್ಣಿಗೂ ಹಸಿರಾಗಿ, ಮಡಿಕೆ ಮಡಿಕೆಯಾಗಿ ನೆತ್ತಿಯ ಮೇಲೆ ಓಡಾಡಿತು. ಒಟ್ಟು ಹನ್ನೆರಡು ನಿಮಿಷ ಎಂದು ಯಜಮಾನರು ಕೈಗಡಿಯಾರ ನೋಡಿ ಹೇಳುತ್ತಾರೆ. ಆಕೆಯ ಪ್ರಕಾರ ಅಷ್ಟೂ ಇಲ್ಲ.

ಕ್ಯಾಮೆರಾಕ್ಕೆ ಹಸಿರು, ಕಣ್ಣಿಗೆ ಬೂದು: ಈ ವ್ಯತ್ಯಾಸ ಏಕೆ? ಮಬ್ಬಿನಲ್ಲಿ ನಮ್ಮ ಕಣ್ಣಿನ ಕಂಬಿಕೋಶಗಳು ಕೆಲಸ ಮಾಡುತ್ತವೆ. ಅವಕ್ಕೆ ಬಣ್ಣ ತಿಳಿಯದು. ಬಣ್ಣ ಕಾಣುವ ಶಂಕುಕೋಶಗಳಿಗೆ ಬೆಳಕು ಸಾಕಷ್ಟು ಬೇಕು. ಕ್ಯಾಮೆರಾ ಮಾತ್ರ ಐದೋ ಹತ್ತೋ ಸೆಕೆಂಡು ಬೆಳಕನ್ನು ಕೂಡಿಟ್ಟುಕೊಳ್ಳಬಲ್ಲದು. ಇನ್ನು ನೀವು ಪರದೆಯ ಮೇಲೆ ನೋಡುವ, ನದಿಯಂತೆ ಹರಿಯುವ ಧ್ರುವಪ್ರಭೆಯ ವಿಷಯ. ಐದು ಸೆಕೆಂಡಿಗೊಂದು ಚಿತ್ರ ತೆಗೆದು ಅವನ್ನು ಟಿ.ವಿ.ಯ ಕ್ರಮದಲ್ಲಿ ಸೆಕೆಂಡಿಗೆ 25ರಂತೆ ಜೋಡಿಸಿದರೆ ಎರಡು ನಿಮಿಷಕ್ಕೂ ಹೆಚ್ಚಿನ ಆಟ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಇಂಥ ದೃಶ್ಯವನ್ನು ತೋರಿಸುವಾಗ 'ವೇಗ ಹೆಚ್ಚಿಸಲಾಗಿದೆ' ಎಂದು ಮೂಲೆಯಲ್ಲಿ ಬರೆಯುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಜಾಹೀರಾತು ನೋಡಿ ಸಾಲ ಮಾಡಿ ಹೋಗುವವರಿದ್ದಾರೆ.

ಹೋಗುವ ಅವಕಾಶ ಮುಂದೆ ನಿಮಗೆ ಒದಗಿದರೆ ಕೆಲವು ಮಾತು ನೆನಪಿರಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಅಲ್ಲಿ ರಾತ್ರಿಗಳು ಸಾಕಷ್ಟು ಕತ್ತಲೆ. ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಕಾಂತಕ್ಷೇತ್ರದ ಕಲಕಾಟ ಹೆಚ್ಚಿರುವುದು ಮಾರ್ಚ್, ಸೆಪ್ಟೆಂಬರ್ ವಿಷುವಗಳ ಸುತ್ತಮುತ್ತ. ಪ್ರವಾಸದವರು 'ಕೆ.ಪಿ. ಸೂಚ್ಯಂಕ' ಎಂದು 0ಯಿಂದ 9ರವರೆಗಿನ ಒಂದು ಅಂಕೆಯನ್ನು ಹೇಳುತ್ತಾರೆ. ಬಳೆಯ ಕೆಳಗೇ ನಿಂತವರಿಗೆ 2 ಇದ್ದರೂ ಸಾಕು. ಅಲ್ಲಿ ನಿಜವಾದ ಶತ್ರು ಮೋಡ. ಒಳ್ಳೆಯ ಮಾರ್ಗದರ್ಶಕನ ಬೆಲೆ ಇರುವುದು ಆಕಾಶದ ಜ್ಞಾನಕ್ಕಿಂತ ಹವಾಮಾನದ ಜ್ಞಾನದಲ್ಲಿ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ; ಹತ್ತಿ ಬೆವರು ಹೀರಿ ಮೈ ತಣ್ಣಗಾಗಿಸುತ್ತದೆ. ಕ್ಯಾಮೆರಾದ ಬ್ಯಾಟರಿ ಚಳಿಗೆ ಬೇಗ ಇಳಿಯುವುದರಿಂದ ಒಳಜೇಬಿನಲ್ಲಿಡಿ. ಅಷ್ಟು ಸಾಕು.

ಸೌರಕಲೆಗಳ ಚಟುವಟಿಕೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಈಗಿನ ಆವರ್ತ ತನ್ನ ಶಿಖರದ ಘಟ್ಟ ತಲುಪಿದೆಯೆಂದು 2024ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ತಿಳಿಸಿದರು. ಆ ವರ್ಷದ ಮೇ 10-11ರಂದು 2003ರ ಅನಂತರದ ಅತಿ ಪ್ರಬಲ ವರ್ಗದ ಕಾಂತಬಿರುಗಾಳಿ ಭೂಮಿಯನ್ನು ತಟ್ಟಿತು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಕ್ಯಾಮೆರಾಗಳು ಆ ರಾತ್ರಿ ಬಡಗಣ ದಿಗಂತದಲ್ಲಿ ಕೆಂಪು ಬೆಳಕನ್ನು ಹಿಡಿದವು. ಕೆಂಪೇ ಏಕೆ, ಹಸಿರೇಕಿಲ್ಲ? ಲೆಕ್ಕ ಹಾಕಿ. ಭೂಮಿಯ ತ್ರಿಜ್ಯ 6,371 ಕಿ.ಮೀ. 100 ಕಿ.ಮೀ. ಎತ್ತರದ ಬೆಳಕು ಸುಮಾರು 1,130 ಕಿ.ಮೀ. ಆಚೆ ನಿಂತವನಿಗೆ ದಿಗಂತದ ಕೆಳಗೆ ಮುಳುಗುತ್ತದೆ. 400 ಕಿ.ಮೀ. ಎತ್ತರದ್ದು ಸುಮಾರು 2,250 ಕಿ.ಮೀ. ದೂರದವರೆಗೂ ಕಾಣುತ್ತದೆ. ದೂರದವನ ಪಾಲಿಗೆ ಉಳಿಯುವುದು ಮೇಲಿನ ಕೆಂಪು ಮಾತ್ರ. ಹಾನ್ಲೆಯಿಂದ ನಾವು ಇನ್ನೂ ಸುಮಾರು 2,200 ಕಿ.ಮೀ. ದಕ್ಷಿಣಕ್ಕಿದ್ದೇವೆ. ಬೆಂಗಳೂರಿನ ಮಹಡಿಯಿಂದ ಧ್ರುವಪ್ರಭೆ ಕಂಡಿತೆಂದು ಯಾರಾದರೂ ಚಿತ್ರ ಕಳುಹಿಸಿದರೆ ನೀವು ಏನು ಕೇಳಬೇಕೆಂದು ಈಗ ನಿಮಗೆ ಗೊತ್ತು.

ಬೆಳಕು ಕಾಣದಿದ್ದರೂ ಬಿರುಗಾಳಿಯ ಪೆಟ್ಟು ತಟ್ಟುತ್ತದೆ. 1859ರ ಸೆಪ್ಟೆಂಬರ್ ಮೊದಲ ದಿನಗಳ ಮಹಾ ಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ದಾಖಲಿಸಿತು. ಆ ಕಾಗದ ಇಂದಿಗೂ ಪ್ರಪಂಚದ ವಿಜ್ಞಾನಿಗಳಿಗೆ ಆಧಾರ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಕುಸಿದು ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2022ರ ಫೆಬ್ರವರಿಯಲ್ಲಿ ಅಷ್ಟೇನೂ ದೊಡ್ಡದಲ್ಲದ ಬಿರುಗಾಳಿಗೆ ಮೇಲಿನ ಗಾಳಿ ಹಿಗ್ಗಿ, ಆಗತಾನೆ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಕೆಳಗೆ ಬಿದ್ದು ಉರಿದುಹೋದವು. ನಮ್ಮ ಹವಾಮಾನ ಸೂಚನೆ, ದಾರಿ ತೋರಿಸುವ ಮೊಬೈಲ್, ದೂರದರ್ಶನ ಎಲ್ಲವೂ ಉಪಗ್ರಹಗಳನ್ನು ನಂಬಿವೆ. ಮುನ್ಸೂಚನೆ ಬೇಕೇಬೇಕು.

ಈ ಕಥೆಯ ಒಂದು ತುದಿ ನಮ್ಮ ಪೀಣ್ಯದಲ್ಲಿದೆ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಅಮೆರಿಕದಲ್ಲಿದ್ದಾಗ, 1962ರಲ್ಲಿ ಶುಕ್ರನತ್ತ ಹೋದ ಮ್ಯಾರಿನರ್-2 ನೌಕೆಯ ಮಾಹಿತಿಯ ಮೇಲೆ ಕೆಲಸ ಮಾಡಿದರು. ಸೌರಮಾರುತ ಸತತವಾಗಿ ಬೀಸುತ್ತದೆ, ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಮುಂದೆ ಅದೇ ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಮೇಲೇರಿತು. ಆ ಜಾಗದಲ್ಲಿ ಈಗ ಇಸ್ರೋದ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯವಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಕಾಂತಮಾಪಕವನ್ನು ಮಾಡಿದವರು ಆ ಪ್ರಯೋಗಾಲಯದವರೇ. 2024ರ ಜನವರಿ 6ರಂದು ಆದಿತ್ಯ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ತನ್ನ ಠಾವು ಸೇರಿತು. ಮೇ ತಿಂಗಳ ಬಿರುಗಾಳಿಯನ್ನು ಅದರ ಉಪಕರಣಗಳು ದಾರಿಯಲ್ಲೇ ಅಳೆದವು. ಸೆಕೆಂಡಿಗೆ 400 ಕಿ.ಮೀ. ವೇಗದ ಸೌರಮಾರುತ ಅಲ್ಲಿಂದ ಇಲ್ಲಿಗೆ ಬರಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. 800 ಇದ್ದರೆ ಅರ್ಧ ಗಂಟೆ. ದಿಕ್ಕು ದಕ್ಷಿಣವೋ ಉತ್ತರವೋ ಎಂಬ ಸುದ್ದಿ ಅಷ್ಟು ಮೊದಲು ಸಿಗುತ್ತದೆ.

ಆ ಸುದ್ದಿ ಇಳಿಯುವುದೆಲ್ಲಿ? ನಗರದಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳಿನಲ್ಲಿ. ಅನ್ನಪೂರ್ಣೇಶ್ವರಿ ನಗರದವರಿಗೆ ಇನ್ನೂ ಹತ್ತಿರ. ಚಂದ್ರಯಾನ-1ರ ಕಾಲದಲ್ಲಿ ನಿಲ್ಲಿಸಿದ 32 ಮೀಟರ್ ಮತ್ತು 18 ಮೀಟರ್ ಅಡ್ಡಳತೆಯ ಆಂಟೆನಾಗಳು ಅಲ್ಲಿವೆ. ಸುತ್ತಲಿನ ದಿಬ್ಬಗಳು ನಗರದ ರೇಡಿಯೋ ಗದ್ದಲವನ್ನು ತಡೆಯುತ್ತವೆ.

ಹಣ ಕೊಟ್ಟು ಹೋಗುವುದೊಂದೇ ಮಾರ್ಗವೂ ಅಲ್ಲ. 2023ರ ಡಿಸೆಂಬರಿನಲ್ಲಿ ಭಾರತ ತನ್ನ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡವನ್ನು ಸ್ವಾಲ್ಬಾರ್ಡಿನ ಹಿಮಾದ್ರಿ ನೆಲೆಗೆ ಕಳುಹಿಸಿತು. ಮೊದಲ ತಂಡದಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರಿದ್ದರು. ಅಂಟಾರ್ಕ್ಟಿಕದ ಮೈತ್ರಿ, ಭಾರತಿ ನೆಲೆಗಳಲ್ಲಿ ಚಳಿಗಾಲ ಕಳೆಯುವವರಿಗೆ ದಕ್ಷಿಣದ ಧ್ರುವಪ್ರಭೆ ಕಾಣಸಿಗುತ್ತದೆ. ಅಲ್ಲಿಗೆ ವಿಜ್ಞಾನಿಗಳಷ್ಟೇ ಅಲ್ಲ, ವೈದ್ಯರು, ಅಡಿಗೆಯವರು, ಡೀಸೆಲ್ ಮೆಕ್ಯಾನಿಕ್‌ಗಳೂ ಹೋಗುತ್ತಾರೆ. ಐ.ಟಿ.ಐ. ಓದುತ್ತಿರುವ ಮಿತ್ರರು ಇದನ್ನು ಗುರುತು ಹಾಕಿಕೊಳ್ಳಿ.

ಸದ್ಯಕ್ಕೆ ಮಹಡಿಯ ಮೇಲಿನ ಒಂದು ಕೆಲಸ. ಅಧ್ಯಾಪಕರ ಜೊತೆ ಮಾತ್ರ ಮಾಡಿ. ಒಂದು ಬೈನಾಕ್ಯುಲರಿನ ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ. ಅದರೊಳಗೆ ಇಣುಕಿ ಎಂದೂ ಸೂರ್ಯನನ್ನು ನೋಡಬೇಡಿ. ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಬಿಂಬದ ಮೇಲೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅವೇ ಸೌರಕಲೆಗಳು. ಕಾಗದವನ್ನು ಅಲುಗಿಸಿ ನೋಡಿ. ಚುಕ್ಕೆ ಕಾಗದದ ಜೊತೆ ಹೋದರೆ ಅದು ಕಾಗದದ ಕೊಳೆ. ಪೆನ್ಸಿಲಿನಲ್ಲಿ ಗುರುತು ಮಾಡಿ, ತಾರೀಖು ಮತ್ತು ವೇಳೆ ಬರೆದಿಡಿ. ಮಾರನೆಯ ದಿನ ಅದೇ ವೇಳೆಗೆ ಇನ್ನೊಂದು ಕಾಗದ. ಚುಕ್ಕೆಗಳು ದಿನದಿನಕ್ಕೆ ಸರಿಯುವುದು ಕಾಣುತ್ತದೆ. ಅಂಚಿನಲ್ಲಿ ಮರೆಯಾದದ್ದು ಬದುಕಿ ಉಳಿದಿದ್ದರೆ ಸುಮಾರು ಎರಡು ವಾರಗಳ ಮೇಲೆ ಇನ್ನೊಂದು ಅಂಚಿನಲ್ಲಿ ಮತ್ತೆ ಬರುತ್ತದೆ. ಮೋಡವಿದ್ದ ದಿನ ಕಾಗದವನ್ನು ಖಾಲಿ ಬಿಡಬೇಡಿ, 'ಮೋಡ' ಎಂದು ಬರೆಯಿರಿ.